ಥಾಯ್ ಗೆಳತಿಯ ವೀಸಾ ಅರ್ಜಿಗೆ ಕಾಗದಪತ್ರ ಹೊಂದಿಸಿದ್ದು

ಸ್ವಿಟ್ಜರ್ಲೆಂಡಿನ ಪ್ರಜೆಯೊಬ್ಬರಿಗೆ ಥಾಯ್ಲೆಂಡ್ ನೋಡುವ ಮನಸ್ಸಾದರೆ ಅವರು ಆನ್‌ಲೈನ್‌ನಲ್ಲಿ ಆಗಮನ ಪತ್ರವೊಂದನ್ನು ತುಂಬಿ, ಪಾಸ್‌ಪೋರ್ಟ್ ಹಿಡಿದು ವಿಮಾನ ಹತ್ತಿದರೆ ಸಾಕು. 2024ರ ಜುಲೈ 15ರಂದು ಥಾಯ್ ಸರ್ಕಾರ 93 ದೇಶ ಮತ್ತು ಪ್ರದೇಶಗಳ ಪ್ರವಾಸಿಗರಿಗೆ ವೀಸಾ ಇಲ್ಲದೆಯೇ 60 ದಿನಗಳವರೆಗೆ ಉಳಿಯಲು ಅವಕಾಶ ಕೊಟ್ಟಾಗ ಆ ಪಟ್ಟಿಯಲ್ಲಿ ಯೂರೋಪಿನ ಬಹುತೇಕ ದೇಶಗಳಿದ್ದವು, ಭಾರತವೂ ಇತ್ತು. ಥಾಯ್ ಪ್ರಜೆಯೊಬ್ಬರು ಅದೇ ಯೂರೋಪಿಗೆ ಹೊರಟರೆ ಕತೆ ಬೇರೆ. ಅದೇ ವರ್ಷ ಆಗಿನ ಪ್ರಧಾನಿ ಸ್ರೆತ್ಥಾ ಥವೀಸಿನ್ ಅವರು ಯೂರೋಪಿನ ನಾಯಕರನ್ನು ಭೇಟಿ ಮಾಡಿ, ತಮ್ಮ ಪ್ರಜೆಗಳಿಗೆ ಶೆಂಗೆನ್ ವೀಸಾದಿಂದ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ವೀಸಾದಿಂದ, ವಿನಾಯಿತಿ ಕೊಡಬೇಕೆಂದು ಕೇಳಿಕೊಂಡರೂ ನಿಯಮ ಇದ್ದಂತೆಯೇ ಉಳಿಯಿತು. ಹೀಗಾಗಿ ಬ್ಯಾಂಕಾಕಿನ ಓಣಿಯೊಂದರಲ್ಲಿ ಬಟ್ಟೆ ರಿಪೇರಿಯ ಪುಟ್ಟ ಅಂಗಡಿ ನಡೆಸುವ ನನ್ನ ಗೆಳತಿ ತಮ್ಮ ಸ್ವಂತ ತಂಗಿಯನ್ನು ನೋಡಿಕೊಂಡು ಬರಲು ಬಯಸಿದಾಗ, ತಾವು ಯಾರು, ಹೇಗೆ ಬದುಕುತ್ತಿದ್ದೀರಿ, ಹೋದವರು ತಿರುಗಿ ಬರುತ್ತೀರಿ ಎಂಬುದಕ್ಕೆ ಏನು ಆಧಾರ ಎಂಬ ಪ್ರಶ್ನೆಗಳಿಗೆ ಕಾಗದದಲ್ಲಿ ಉತ್ತರ ಕೊಡಬೇಕಾಯಿತು. ಆ ಕೆಲಸದಲ್ಲಿ ನಾನು ಅವರ ಜೊತೆಗಿದ್ದೆ.

ಅವರು ನನಗಿಂತ ಹಿರಿಯರು. ಇಲ್ಲಿಯ ರೂಢಿಯಂತೆ ನಾನು ಅವರನ್ನು ‘ಪೀ’ ಎಂದು, ಅಂದರೆ ಅಕ್ಕ ಎಂದು, ಕರೆಯುತ್ತೇನೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಈಶಾನ್ಯ ಥಾಯ್ಲೆಂಡಿನ ಈಸಾನ್ ಸೀಮೆಯ ರೋಯ್ ಎಟ್ ಪ್ರಾಂತ್ಯದಿಂದ ಚಿಕ್ಕ ವಯಸ್ಸಿನಲ್ಲೇ ಬ್ಯಾಂಕಾಕಿಗೆ ಬಂದು ಹೊಲಿಗೆ ಕಲಿತವರು. ಪತಿ ತೀರಿಕೊಂಡ ಮೇಲೆ ಮಗನನ್ನು ಓದಿಸುತ್ತಾ, ಊರಿನಲ್ಲಿರುವ ತಾಯಿಗೆ ಪ್ರತಿ ತಿಂಗಳೂ ಹಣ ಕಳಿಸುತ್ತಾ ಬಂದಿದ್ದಾರೆ. ಅವರ ತಂಗಿ ಸ್ವಿಟ್ಜರ್ಲೆಂಡಿನಲ್ಲಿ ಮದುವೆಯಾಗಿ ಲೋಸಾನ್ ನಗರದ ಹತ್ತಿರ ನೆಲೆಸಿ ಬಹಳ ಕಾಲವಾಗಿದೆ. ಥಾಯ್ ಜನರಿಗೆ ಲೋಸಾನ್ ಸಾಮಾನ್ಯ ಊರಲ್ಲ. ಎಂಟನೆಯ ರಾಮ ಆನಂದ ಮಹಿಡೋಲ್ ಮತ್ತು ಒಂಬತ್ತನೆಯ ರಾಮ ಭೂಮಿಬೋಲ್ ಎಂಬ ಇಬ್ಬರು ರಾಜರು ತಮ್ಮ ತಾಯಿಯೊಡನೆ ಬೆಳೆದದ್ದು ಅಲ್ಲಿ. ಸರೋವರದ ದಡದ ಡೆನಾಂಟೂ ಉದ್ಯಾನದಲ್ಲಿ ರಾಜ ಭೂಮಿಬೋಲ್ ಅವರ ಕೊಡುಗೆಯಾಗಿ ನಿಂತಿರುವ ಥಾಯ್ ಶೈಲಿಯ ಮಂಟಪವನ್ನು 2009ರಲ್ಲಿ ರಾಜಕುಮಾರಿ ಸಿರಿಂಧೋನ್ ಉದ್ಘಾಟಿಸಿದರು. ತಂಗಿಯ ಮನೆ ನೋಡುವ ಆಸೆಯಷ್ಟೇ ಗಾಢವಾಗಿ ಆ ಮಂಟಪದ ಮುಂದೆ ಕೈಮುಗಿದು ನಿಲ್ಲುವ ಆಸೆಯೂ ಪೀ ಅವರಿಗಿತ್ತು.

ಪೀ ಅವರದು ಗಟ್ಟಿಯಾದ, ಪ್ರಾಮಾಣಿಕವಾದ ಬದುಕು. ಆದರೆ ಅದರ ಬಹುಪಾಲು ಕಾಗದದ ಮೇಲೆ ಇರಲೇ ಇಲ್ಲ. ಸಂಬಳದ ಚೀಟಿ ಇಲ್ಲ, ರಜೆ ಮಂಜೂರಾತಿಯ ಪತ್ರ ಕೊಡುವ ಕಂಪನಿ ಇಲ್ಲ, ಮೊದಲು ವಿದೇಶಕ್ಕೆ ಹೋಗಿ ಬಂದ ಮುದ್ರೆ ಪಾಸ್‌ಪೋರ್ಟಿನಲ್ಲಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರಿಗೂ ಇದೇ ಶೆಂಗೆನ್ ವೀಸಾ ಬೇಕಾದ್ದರಿಂದ ಆ ಅರ್ಜಿಯ ದಾರಿ ನನಗೆ ತಿಳಿದಿತ್ತು. ಇರುವ ನಿಜಕ್ಕೆ ಇರುವ ಕಾಗದಗಳನ್ನೇ ಹುಡುಕಿ ತೆಗೆದು, ಪೀ ಅವರನ್ನು ಎಂದೂ ಕಾಣದ ಅಧಿಕಾರಿಗೆ ಅವು ಅರ್ಥವಾಗುವಂತೆ ಜೋಡಿಸುವುದಷ್ಟೇ ಸಹಾಯಕ್ಕೆ ನಿಂತವರ ಕೆಲಸ, ಅದಕ್ಕಿಂತ ಒಂದು ಹೆಜ್ಜೆ ಹೆಚ್ಚಿಗೆ ಇಡಬಾರದು ಎಂದು ನಾನು ನಂಬಿದ್ದೇನೆ.

ನಿಯಮಗಳ ಮಾತನ್ನು ಬೇಗ ಮುಗಿಸುತ್ತೇನೆ. ಶೆಂಗೆನ್ ವಲಯದ 29 ದೇಶಗಳಿಗೂ ಅಲ್ಪಾವಧಿಯ ವೀಸಾ ಒಂದೇ. ಯಾವುದೇ 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಸ್ವಿಟ್ಜರ್ಲೆಂಡ್ ಯೂರೋಪಿಯನ್ ಒಕ್ಕೂಟದ ಸದಸ್ಯ ದೇಶವಲ್ಲದಿದ್ದರೂ 2008ರ ಡಿಸೆಂಬರಿನಿಂದ ಶೆಂಗೆನ್ ವ್ಯವಸ್ಥೆಯೊಳಗಿದೆ. ಹೆಚ್ಚು ದಿನ ಎಲ್ಲಿ ಉಳಿಯುತ್ತೇವೋ ಆ ದೇಶಕ್ಕೇ ಅರ್ಜಿ ಸಲ್ಲಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮುಂಚೆ ಹಾಕಿರಲೇಬೇಕು. 2024ರ ಜೂನ್ 11ರಿಂದ ವಯಸ್ಕರ ಶುಲ್ಕ 80 ಯೂರೋದಿಂದ 90 ಯೂರೋಗೆ ಏರಿದ್ದು, ಅದನ್ನು ಬ್ಯಾಂಕಾಕಿನಲ್ಲಿ ಥಾಯ್ ನಾಣ್ಯವಾದ ಬಾತ್‌ನಲ್ಲಿಯೇ ಕಟ್ಟಬೇಕು. ವೀಸಾ ನಿರಾಕರಿಸಿದರೆ ಆ ಹಣ ಮರಳುವುದಿಲ್ಲ. ಪಾಸ್‌ಪೋರ್ಟ್ ಹಿಂದಿನ ಹತ್ತು ವರ್ಷಗಳೊಳಗೆ ನೀಡಿದ್ದಾಗಿರಬೇಕು, ಅಲ್ಲಿಂದ ಹೊರಡುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಉಳಿದಿರಬೇಕು. ಪ್ರವಾಸ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚವನ್ನು ಇಡೀ ಶೆಂಗೆನ್ ವಲಯದಲ್ಲಿ ಭರಿಸುವಂತಿರಬೇಕು. ವಿಮಾನದ ಟಿಕೆಟನ್ನು ಮಾತ್ರ ವೀಸಾ ಕೈಗೆ ಬರುವ ಮೊದಲು ಹಣ ಕಟ್ಟಿ ಕೊಳ್ಳಬಾರದು. ಕಾಯ್ದಿರಿಸಿದ ಪ್ರಯಾಣದ ವಿವರವೇ ಅರ್ಜಿಗೆ ಸಾಕಾಗುತ್ತದೆ.

ಇವೆಲ್ಲ ಯಾರು ಬೇಕಾದರೂ ಓದಿ ತಿಳಿದುಕೊಳ್ಳಬಹುದಾದ ಸಂಗತಿಗಳು. ನಿಜವಾದ ತೊಡಕು ಶುರುವಾದದ್ದು ಅರ್ಜಿಯ ಮೊದಲ ಸಾಲುಗಳಲ್ಲಿ, ಹೆಸರಿನಲ್ಲಿ. ಓಣಿಯಲ್ಲಿ ಎಲ್ಲರೂ ಪೀ ಅವರನ್ನು ಒಂದಕ್ಷರದ ಅಡ್ಡಹೆಸರಿನಿಂದ ಕರೆಯುತ್ತಾರೆ. ಥಾಯ್ಲೆಂಡಿನಲ್ಲಿ ಬಹುತೇಕ ಎಲ್ಲರಿಗೂ ಅಂಥದ್ದೊಂದು ಹೆಸರಿರುತ್ತದೆ. ತಂಗಿ ಬರೆದು ಕಳಿಸಿದ ಆಹ್ವಾನ ಪತ್ರದ ಮೊದಲ ಪ್ರತಿಯಲ್ಲಿ ಇದ್ದದ್ದು ಆ ಅಡ್ಡಹೆಸರೇ. ಅದನ್ನು ಪಾಸ್‌ಪೋರ್ಟಿನಲ್ಲಿರುವಂತೆ ಪೂರ್ಣ ಹೆಸರಿನಲ್ಲಿ ಮತ್ತೆ ಬರೆಸಿದೆವು. ಅಷ್ಟಕ್ಕೇ ಮುಗಿಯಲಿಲ್ಲ. ಪತಿಯ ಅನಾರೋಗ್ಯದ ದಿನಗಳಲ್ಲಿ, ಒಳ್ಳೆಯದಾಗಲಿ ಎಂದು ಭಿಕ್ಷುಗಳೊಬ್ಬರ ಸಲಹೆಯಂತೆ ಪೀ ತಮ್ಮ ಹೆಸರನ್ನೇ ಬದಲಿಸಿಕೊಂಡಿದ್ದರು. ಇದು ಇಲ್ಲಿ ಅಪರೂಪವಲ್ಲ. ಕಚೇರಿಯಲ್ಲಿ ನೋಂದಾಯಿಸಿದರೆ ಹೆಸರು ಬದಲಾವಣೆಯ ಪ್ರಮಾಣಪತ್ರ ಕೈಗೆ ಸಿಗುತ್ತದೆ. ಅಂಗಡಿಯ ನೋಂದಣಿ ಹಳೆಯ ಹೆಸರಿನಲ್ಲಿತ್ತು, ಬ್ಯಾಂಕ್ ಖಾತೆ ಹೊಸ ಹೆಸರಿನಲ್ಲಿತ್ತು. ಆ ಒಂದು ಪ್ರಮಾಣಪತ್ರ ಮತ್ತು ಅದರ ಅನುವಾದ ಇಲ್ಲದೆ ಹೋಗಿದ್ದರೆ ಅಂಗಡಿ ಒಬ್ಬರದು, ಹಣ ಇನ್ನೊಬ್ಬರದು ಎಂದು ದೂರದ ಅಧಿಕಾರಿಗೆ ತೋರಿದ್ದರೂ ಆಶ್ಚರ್ಯವಿಲ್ಲ.

ಮನೆತನದ ಹೆಸರಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಥಾಯ್ಲೆಂಡಿನಲ್ಲಿ ಮನೆತನದ ಹೆಸರು ಕಾನೂನಾಗಿ ಬಂದದ್ದು 1913ರಲ್ಲಿ, ಆರನೆಯ ರಾಮ ವಜಿರಾವುಧ್ ಅವರ ಕಾಲದಲ್ಲಿ. ಒಂದು ಕುಟುಂಬದ ಹೆಸರನ್ನು ಸಂಬಂಧವಿಲ್ಲದ ಮತ್ತೊಂದು ಕುಟುಂಬ ಇಟ್ಟುಕೊಳ್ಳಬಾರದೆಂಬ ನಿಯಮ ಇರುವುದರಿಂದ, ಒಂದೇ ಮನೆತನದ ಹೆಸರಿರುವ ಇಬ್ಬರು ಸಾಮಾನ್ಯವಾಗಿ ಬಂಧುಗಳೇ ಆಗಿರುತ್ತಾರೆ. ಅಕ್ಕ ತಂಗಿಯರಿಗೆ ಇದು ಅನುಕೂಲವಾಗಬೇಕಿತ್ತು. ಆದರೆ 2003ರಲ್ಲಿ ಸಾಂವಿಧಾನಿಕ ನ್ಯಾಯಾಲಯದ ತೀರ್ಪು ಬಂದು 2005ರಲ್ಲಿ ಕಾನೂನು ತಿದ್ದುಪಡಿಯಾಗುವವರೆಗೆ, ಮದುವೆಯಾದ ಹೆಣ್ಣುಮಕ್ಕಳು ಗಂಡನ ಮನೆತನದ ಹೆಸರನ್ನೇ ಇಟ್ಟುಕೊಳ್ಳಬೇಕಿತ್ತು. ಪೀ ಅವರ ಮದುವೆ ಅದಕ್ಕೂ ಹಿಂದಿನದು; ತಂಗಿ ಸ್ವಿಸ್ ಗಂಡನ ಹೆಸರನ್ನು ಇಟ್ಟುಕೊಂಡವರು. ಹೀಗೆ ಒಡಹುಟ್ಟಿದ ಇಬ್ಬರ ಪಾಸ್‌ಪೋರ್ಟುಗಳಲ್ಲಿ ಒಂದು ಪದವೂ ಹೊಂದುತ್ತಿರಲಿಲ್ಲ. ಇಬ್ಬರ ತಂದೆತಾಯಿಯ ಹೆಸರು ಒಂದೇ ಎಂದು ತೋರಿಸುವ ಜನನ ದಾಖಲೆಗಳನ್ನೂ, ತಾಯಿಯ ಮನೆಯ ‘ತಬಿಯನ್ ಬಾನ್’ ಎಂಬ ನೀಲಿ ರಕ್ಷಾಪುಟದ ಮನೆ ನೋಂದಣಿ ಪುಸ್ತಕದ ಪ್ರತಿಯನ್ನೂ ಇಂಗ್ಲಿಷಿಗೆ ಅನುವಾದ ಮಾಡಿಸಿ ಇಟ್ಟೆವು. ಅರ್ಜಿಯಲ್ಲಿ ಹುಟ್ಟಿದಾಗಿನ ಮನೆತನದ ಹೆಸರಿಗೆಂದೇ ಇರುವ ಸಾಲನ್ನು ಎಷ್ಟೋ ಜನ ಖಾಲಿ ಬಿಡುತ್ತಾರೆ. ಪೀ ಅವರ ಅರ್ಜಿಯಲ್ಲಿ ತಂಗಿಯ ಸಂಬಂಧಕ್ಕೆ ಆಧಾರವಾಗಿದ್ದುದು ಆ ಸಾಲೇ.

ಆ ಮನೆ ನೋಂದಣಿ ಪುಸ್ತಕ ಇನ್ನೊಂದು ವಿವರಣೆಯನ್ನೂ ಬೇಡುತ್ತಿತ್ತು. ಊರು ಬಿಟ್ಟು ಬ್ಯಾಂಕಾಕಿನಲ್ಲಿ ದುಡಿಯುವ ಲಕ್ಷಾಂತರ ಜನರ ಹಾಗೆ ಪೀ ಅವರ ಹೆಸರೂ ಇನ್ನೂ ಊರಿನ ಮನೆಯ ಪುಸ್ತಕದಲ್ಲಿಯೇ ಇದೆ. ಅವರು ವಾಸವಾಗಿರುವುದು ಬಾಡಿಗೆ ಕೋಣೆಯಲ್ಲಿ. ಎರಡು ವಿಳಾಸಗಳು ಯಾಕೆ ಎಂಬುದನ್ನು ಪತ್ರದಲ್ಲಿ ಒಂದು ವಾಕ್ಯದಲ್ಲಿ ಹೇಳಿ, ಬಾಡಿಗೆ ಕರಾರಿನ ಪ್ರತಿಯನ್ನು ಜೊತೆಗಿಟ್ಟೆವು. ಇಸವಿಯ ಲೆಕ್ಕವನ್ನೂ ಅಷ್ಟೇ ಎಚ್ಚರದಿಂದ ನೋಡಬೇಕು. ಥಾಯ್ ದಾಖಲೆಗಳಲ್ಲಿರುವುದು ಬುದ್ಧ ಶಕೆ; ಅದರಿಂದ 543 ಕಳೆದರೆ ನಮ್ಮ ಇಸವಿ ಬರುತ್ತದೆ. ಅಂಗಡಿಯ ನೋಂದಣಿಯಲ್ಲಿದ್ದ 2555 ಎಂದರೆ 2012. ಪ್ರತಿ ಅನುವಾದದಲ್ಲೂ ಈ ಲೆಕ್ಕ ಸರಿಯಾಗಿದೆಯೇ ಎಂದು ಒಂದೊಂದಾಗಿ ಕೂಡಿ ಕಳೆದು ನೋಡಿದೆವು. ಥಾಯ್ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಲವು ಬಗೆಯಲ್ಲಿ ಬರೆಯಬಹುದಾದ್ದರಿಂದ ಬ್ಯಾಂಕ್ ಕೊಟ್ಟ ಪತ್ರದಲ್ಲಿ ಒಂದು ಅಕ್ಷರ ವ್ಯತ್ಯಾಸವಾಗಿತ್ತು. ಪಾಸ್‌ಪೋರ್ಟಿನ ಪ್ರತಿ ತೋರಿಸಿ ಕೇಳಿದಾಗ ಶಾಖೆಯವರು ಅಲ್ಲಿಯೇ ತಿದ್ದಿ ಕೊಟ್ಟರು.

ಹಣದ ವಿಷಯದಲ್ಲಿ ಪೀ ತುಂಬಾ ಹಿಂಜರಿದರು. ತಮ್ಮ ಖಾತೆಯನ್ನು ತೋರಿಸಲು ಅವರಿಗೆ ನಾಚಿಕೆ. ಕಾರಣ, ಅದರಲ್ಲಿ ದೊಡ್ಡ ಮೊತ್ತಗಳೇ ಇಲ್ಲ. ಪ್ಯಾಂಟಿನ ಉದ್ದ ಕಡಿಮೆ ಮಾಡಿದ್ದಕ್ಕೆ 60 ಬಾತ್, ಜಿಪ್ ಬದಲಿಸಿದ್ದಕ್ಕೆ 80 ಬಾತ್, ಅಂಗಿ ಸಣ್ಣದು ಮಾಡಿದ್ದಕ್ಕೆ 120 ಬಾತ್, ಹೀಗೆ ಪುಟಗಟ್ಟಲೆ. 2017ರಲ್ಲಿ ಪ್ರಾಂಪ್ಟ್‌ಪೇ ಸೇವೆ ಬಂದು, ಆ ಮೇಲೆ ಬೀದಿಬದಿಯ ವ್ಯಾಪಾರಿಗಳೂ ಕ್ಯೂಆರ್ ಹಾಳೆ ಅಂಟಿಸಿಕೊಂಡ ನಂತರ ಇಂಥ ಅಂಗಡಿಗಳ ಗಿರಾಕಿಗಳು ಚಿಲ್ಲರೆ ಮೊತ್ತವನ್ನೂ ಮೊಬೈಲಿನಿಂದಲೇ ಕೊಡುತ್ತಾರೆ. ಆ ಸ್ಟೇಟ್‌ಮೆಂಟ್ ನೋಡಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಒಂದು ಅಂಗಡಿ ಪ್ರತಿದಿನ ಬಾಗಿಲು ತೆರೆಯುತ್ತದೆ, ಅದಕ್ಕೆ ಖಾಯಂ ಗಿರಾಕಿಗಳಿದ್ದಾರೆ, ಅದರ ಒಡತಿ ಸ್ವತಃ ಅಲ್ಲಿ ಕೂತು ದುಡಿಯುತ್ತಾರೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಯಾವುದಿದೆ? ಎಲ್ಲಿಂದಲೋ ಬಂದು ಬಿದ್ದ ಐದು ಲಕ್ಷ ಬಾತ್‌ಗಿಂತ ಆ ಅರವತ್ತು, ಎಂಬತ್ತುಗಳ ಸಾಲು ಹೆಚ್ಚು ಮಾತಾಡುತ್ತದೆ. ಆದರೆ ಅದು ಏನು ಹೇಳುತ್ತಿದೆ ಎಂದು ಓದುವವರಿಗೆ ತಿಳಿಸಿಕೊಡಬೇಕು. ಸ್ಟೇಟ್‌ಮೆಂಟಿನ ಮೇಲೆ ಒಂದು ಪುಟದ ಟಿಪ್ಪಣಿ ಬರೆದು, ತಿಂಗಳವಾರು ಒಟ್ಟು ಜಮೆ ಎಷ್ಟು, ಬಾಡಿಗೆ ಮತ್ತು ದಾರ, ಗುಂಡಿಗಳ ಖರ್ಚು ಎಷ್ಟು, ತಾಯಿಗೆ ಹೋಗುವ ಹಣ ಯಾವ ಸಾಲಿನಲ್ಲಿದೆ ಎಂದು ಗುರುತು ಮಾಡಿದೆವು. ಪೀ ಪ್ರತಿ ವರ್ಷ ಸಂಬಳೇತರ ಆದಾಯದವರಿಗಾಗಿ ಇರುವ 90ನೆಯ ನಮೂನೆಯ ತೆರಿಗೆ ವಿವರ ಸಲ್ಲಿಸುತ್ತಿದ್ದುದು ಇಲ್ಲಿ ಬಹಳ ನೆರವಾಯಿತು. ಸಣ್ಣ ವ್ಯಾಪಾರಿಗಳಲ್ಲಿ ಎಲ್ಲರ ಬಳಿಯೂ ಅದು ಇರುವುದಿಲ್ಲ.

ಉಳಿತಾಯದ ಇನ್ನೊಂದು ಭಾಗ ಖಾತೆಯಲ್ಲಿರಲಿಲ್ಲ, ಚಿನ್ನದಲ್ಲಿತ್ತು. ಥಾಯ್ ಕುಟುಂಬಗಳು ಕೂಡಿಟ್ಟ ಹಣವನ್ನು ಚಿನ್ನವಾಗಿಸಿ ಇಟ್ಟುಕೊಳ್ಳುವುದು ಹಳೆಯ ಅಭ್ಯಾಸ. ಅಲ್ಲಿ ಚಿನ್ನದ ತೂಕದ ಅಳತೆಯ ಹೆಸರೂ ಬಾತ್. ಆಭರಣದ ಒಂದು ಬಾತ್ ಎಂದರೆ 15.16 ಗ್ರಾಂ. ಇದಲ್ಲದೆ ‘ಷೇರ್’ ಎಂದು ಕರೆಯುವ, ನಮ್ಮ ಊರುಗಳ ಚೀಟಿ ವ್ಯವಹಾರದಂಥ ಗುಂಪು ಉಳಿತಾಯದಲ್ಲಿಯೂ ಪೀ ತಿಂಗಳು ತಿಂಗಳೂ ಹಣ ಹಾಕುತ್ತಿದ್ದರು. ಪ್ರಯಾಣದ ಖರ್ಚಿಗೆಂದು ಅವರು ಒಂದು ಸರವನ್ನು ಮಾರಲು ನಿರ್ಧರಿಸಿದಾಗ ಆ ಹಣ ಒಮ್ಮೆಗೇ ಖಾತೆಗೆ ಬಂದು ಬೀಳುವುದೆಂಬ ಚಿಂತೆ ನನಗೆ ಹತ್ತಿತು. ಅರ್ಜಿಗೆ ಸ್ವಲ್ಪ ಮೊದಲು ಕಾಣಿಸಿಕೊಳ್ಳುವ ದೊಡ್ಡ ಜಮೆಯನ್ನು ವೀಸಾ ಅಧಿಕಾರಿಗಳು ಸಂದೇಹದಿಂದಲೇ ನೋಡುತ್ತಾರೆ, ಯಾಕೆಂದರೆ ಸಾಲ ತಂದು ಖಾತೆ ತುಂಬಿಸಿ ತೋರಿಸುವವರು ಇದ್ದಾರೆ. ಹಾಗಾಗಿ ಸರ ಮಾರಿದ ದಿನದ ಅಂಗಡಿಯ ರಸೀದಿ, ಹಿಂದೆ ಅದನ್ನು ಕೊಂಡಾಗಿನ ಹಳೆಯ ರಸೀದಿ, ಜಮೆಯಾದ ಸಾಲು, ಈ ಮೂರನ್ನೂ ಒಂದೇ ಹಾಳೆಯಲ್ಲಿ ಕೂಡಿಸಿ ಇಟ್ಟೆವು. ಷೇರ್ ಗುಂಪಿನ ಹಣಕ್ಕೆ ನಂಬಲರ್ಹವಾದ ದಾಖಲೆ ಇರಲಿಲ್ಲ. ಅದನ್ನು ಅರ್ಜಿಯಲ್ಲಿ ಲೆಕ್ಕಕ್ಕೇ ಹಿಡಿಯಲಿಲ್ಲ. ಸ್ವಿಟ್ಜರ್ಲೆಂಡ್ ಸಂದರ್ಶಕರಿಂದ ನಿರೀಕ್ಷಿಸುವುದು ದಿನಕ್ಕೆ ಸುಮಾರು 100 ಫ್ರಾಂಕ್. ತಂಗಿಯ ಮನೆಯಲ್ಲಿ ಊಟ, ವಸತಿ ಇರುವಾಗ ಪೀ ಅವರ ಖಾತೆ ಅದಕ್ಕೆ ಧಾರಾಳವಾಗಿಯೇ ಸಾಕಿತ್ತು.

ಈ ಹಂತದಲ್ಲಿ ಓಣಿಯ ಪರಿಚಯದವರೊಬ್ಬರು ಒಬ್ಬ ಏಜೆಂಟರನ್ನು ಕರೆದುಕೊಂಡು ಬಂದರು. ಅರ್ಜಿ ತುಂಬಿಕೊಟ್ಟು, ಅನುವಾದ ಮಾಡಿಸಿಕೊಟ್ಟು ಪ್ರಾಮಾಣಿಕವಾಗಿ ದುಡಿಯುವ ಏಜೆಂಟರು ಬ್ಯಾಂಕಾಕಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರ ಬಗ್ಗೆ ನನ್ನ ಆಕ್ಷೇಪವಿಲ್ಲ. ಇವರ ಸಲಹೆ ಮಾತ್ರ ಬೇರೆಯದಾಗಿತ್ತು: ಒಂದು ತಿಂಗಳ ಮಟ್ಟಿಗೆ ಖಾತೆಗೆ ಹಣ ಹಾಕಿಸುತ್ತೇನೆ, ತಂಗಿಯ ಹೆಸರನ್ನು ಎತ್ತಲೇ ಬೇಡಿ, ಹೋಟೆಲ್ ಬುಕಿಂಗ್ ತೋರಿಸಿ ಪ್ರವಾಸ ಎಂದಷ್ಟೇ ಬರೆಯಿರಿ, ಅಲ್ಲಿ ರಕ್ತಸಂಬಂಧಿಗಳಿದ್ದಾರೆ ಎಂದರೆ ವಾಪಸು ಬರುವುದಿಲ್ಲ ಎಂದೇ ತಿಳಿಯುತ್ತಾರೆ. ಪೀ ನನ್ನ ಮುಖ ನೋಡಿದರು. ಆ ಭಯದಲ್ಲಿ ಸತ್ಯಾಂಶ ಇಲ್ಲವೆಂದು ನಾನು ಹೇಳಲಾರೆ. ಶೆಂಗೆನ್ ವೀಸಾ ಸಂಹಿತೆ ಎಂದು ಕರೆಯುವ 2009ರ ನಿಯಮಾವಳಿಯೇ, ಅರ್ಜಿದಾರರು ಅಕ್ರಮವಾಗಿ ಉಳಿದುಬಿಡುವ ಸಾಧ್ಯತೆ ಇದೆಯೇ, ವೀಸಾ ಮುಗಿಯುವ ಮೊದಲು ಹೊರಡುವ ಉದ್ದೇಶ ಅವರಿಗಿದೆಯೇ ಎಂಬುದನ್ನು ವಿಶೇಷವಾಗಿ ಪರಿಶೀಲಿಸಬೇಕೆಂದು ಹೇಳುತ್ತದೆ. ಒಂಟಿಯಾಗಿ ಹೊರಟ ಥಾಯ್ ಹೆಣ್ಣುಮಗಳನ್ನು ಆ ಕಣ್ಣಿನಿಂದ ಇನ್ನೂ ಹೆಚ್ಚು ನೋಡುತ್ತಾರೆ ಎಂಬ ನೋವು ಇಲ್ಲಿ ಎಷ್ಟೋ ಜನರಲ್ಲಿದೆ, ಅದು ನನಗೂ ಇದೆ. ಕೊರಿಯಾದಲ್ಲಿ ಅನುಮತಿಯಿಲ್ಲದೆ ದುಡಿಯುತ್ತಿರುವ ಥಾಯ್ ಕೆಲಸಗಾರರನ್ನು ‘ಪುಟ್ಟ ದೆವ್ವಗಳು’ ಎಂದು ಕರೆಯುವ ರೂಢಿ ಬಂದ ಮೇಲಂತೂ, ವೀಸಾ ಬೇಕಿಲ್ಲದ ಆ ದೇಶಕ್ಕೆ ನಿಜವಾದ ಪ್ರವಾಸಿಗರಾಗಿ ಹೋದವರೂ ವಿಮಾನ ನಿಲ್ದಾಣದಿಂದಲೇ ಮರಳಿ ಬರಬೇಕಾದ ಸಂದರ್ಭಗಳಿವೆ.

ಹಾಗೆಂದು ತಂಗಿಯನ್ನು ಮುಚ್ಚಿಡುವುದಕ್ಕೆ ನಾನು ಒಪ್ಪಲಿಲ್ಲ, ಪೀ ಕೂಡ ಸ್ವಲ್ಪ ಯೋಚಿಸಿ ಒಪ್ಪಲಿಲ್ಲ. ದಾಖಲೆಗಳ ನೈಜತೆಯ ಬಗ್ಗೆ ಅಥವಾ ಹೇಳಿಕೆಗಳ ಸತ್ಯದ ಬಗ್ಗೆ ಸಮಂಜಸವಾದ ಸಂದೇಹ ಬಂದರೆ ಅದೊಂದೇ ನಿರಾಕರಣೆಗೆ ಸಾಕು. ಅರ್ಜಿಯ ವಿವರಗಳೂ ಬೆರಳಚ್ಚೂ ಶೆಂಗೆನ್ ದೇಶಗಳು ಹಂಚಿಕೊಂಡಿರುವ ವೀಸಾ ಮಾಹಿತಿ ವ್ಯವಸ್ಥೆಯಲ್ಲಿ ಐದು ವರ್ಷ ಉಳಿಯುತ್ತವೆ. ಈ ಸಲ ತಂಗಿ ಇಲ್ಲವೆಂದು ಬರೆದವರು ಮುಂದಿನ ಸಲ ತಂಗಿಯ ಹೆರಿಗೆಗೋ ಕಾಯಿಲೆಗೋ ಹೋಗಬೇಕಾಗಿ ಬಂದರೆ ಆಗ ಏನೆಂದು ಬರೆಯುತ್ತಾರೆ? ಅರ್ಜಿಯ ನಮೂನೆಯಲ್ಲಿ ಪ್ರವಾಸ ಎಂಬುದಕ್ಕೂ ಕುಟುಂಬ ಅಥವಾ ಸ್ನೇಹಿತರ ಭೇಟಿ ಎಂಬುದಕ್ಕೂ ಬೇರೆ ಬೇರೆ ಚೌಕಗಳಿವೆ. ನಾವು ಎರಡನ್ನೂ ಗುರುತು ಮಾಡಿದೆವು. ತಂಗಿಯ ಆಹ್ವಾನ ಪತ್ರ, ಅವರ ನಿವಾಸ ಪರವಾನಗಿಯ ಪ್ರತಿ, ಅವರ ಮನೆಯ ವಿಳಾಸ, ಎಲ್ಲವನ್ನೂ ಮುಂದಿಟ್ಟೆವು.

ತಿರುಗಿ ಬರುತ್ತಾರೆ ಎಂಬುದಕ್ಕೆ ಪುರಾವೆ ಹುಡುಕುವಾಗ ಮೊದಲು ನೆನಪಿಗೆ ಬರುವುದು ಆಸ್ತಿ. ಪೀ ಅವರ ಹೆಸರಿನಲ್ಲಿ ಭೂಮಿ ಇಲ್ಲ. ಊರಿನ ಗದ್ದೆಯ ‘ಚನೋಟ್’, ಅಂದರೆ ಗರುಡ ಮುದ್ರೆಯ ಭೂಮಿಯ ಹಕ್ಕುಪತ್ರ, ತಾಯಿಯ ಹೆಸರಿನಲ್ಲಿದೆ. ಅದನ್ನು ಪೀ ಅವರ ಆಸ್ತಿ ಎಂದು ತೋರಿಸಲು ಬರುವುದಿಲ್ಲ. ತಾಯಿಗೆ ಪ್ರತಿ ತಿಂಗಳು ಹೋಗುವ ಹಣದ ಸಾಲುಗಳ ಜೊತೆಗಿಟ್ಟು, ಕುಟುಂಬದ ಬೇರು ಎಲ್ಲಿದೆ ಎಂದು ಮಾತ್ರ ಹೇಳಿದೆವು. ಮಗನ ವಿಶ್ವವಿದ್ಯಾಲಯದ ಶುಲ್ಕದ ರಸೀದಿಗಳೂ ಇದ್ದವು. ಆದರೆ ಎಲ್ಲಕ್ಕಿಂತ ಬಲವಾದ ಕಾರಣ ಸಿಕ್ಕಿದ್ದು ಅಂಗಡಿಯ ಲೆಕ್ಕದಲ್ಲಿಯೇ. ಥಾಯ್ ಶಾಲೆಗಳು ಮೇ ತಿಂಗಳ ಮಧ್ಯದಲ್ಲಿ ಆರಂಭವಾಗುತ್ತವೆ. ಅದಕ್ಕೆ ಮೊದಲಿನ ಎರಡು ಮೂರು ವಾರ ಸಮವಸ್ತ್ರದ ಅಂಗಿಗಳ ಮೇಲೆ ಮಕ್ಕಳ ಹೆಸರು ಕಸೂತಿ ಹಾಕುವ, ಲಂಗ, ಚಡ್ಡಿಗಳ ಅಳತೆ ಸರಿಮಾಡುವ ಕೆಲಸ ರಾತ್ರಿಯವರೆಗೂ ಇರುತ್ತದೆ. ಸ್ಟೇಟ್‌ಮೆಂಟಿನಲ್ಲಿ ಆ ವಾರಗಳ ಜಮೆ ಬೇರೆ ದಿನಗಳಿಗಿಂತ ಎದ್ದು ಕಾಣುತ್ತಿತ್ತು. ಏಪ್ರಿಲ್ 13ರಿಂದ 15ರವರೆಗಿನ ಸೊಂಗ್‌ಕ್ರಾನ್ ಹಬ್ಬಕ್ಕೆ ಬ್ಯಾಂಕಾಕ್ ಖಾಲಿಯಾಗುತ್ತದೆ, ಅಂಗಡಿ ಹೇಗೂ ಮುಚ್ಚಿರುತ್ತದೆ. ಹಬ್ಬದ ಮುಂಚೆ ಹೊರಟು, ಸಮವಸ್ತ್ರದ ಕಾಲಕ್ಕೆ ಮೊದಲು ಮರಳುವುದೆಂದು ಪ್ರಯಾಣದ ದಿನಗಳನ್ನು ಗೊತ್ತುಮಾಡಿ, ಯಾಕೆ ಈ ದಿನಗಳೇ ಎಂಬುದನ್ನು ಪತ್ರದಲ್ಲಿ ಬರೆದೆವು. ಆ ಹೊತ್ತಿಗೆ ಲೋಸಾನ್ ಪಕ್ಕದ ಮೋರ್ಜ್ ಊರಿನ ಉದ್ಯಾನದಲ್ಲಿ ಟುಲಿಪ್ ಉತ್ಸವವೂ ನಡೆಯುತ್ತದೆ ಎಂದು ತಂಗಿ ಹೇಳಿದ್ದು ದಿನಚರಿಯ ಪಟ್ಟಿಯಲ್ಲಿ ಸೇರಿತು. ಒಂದು ಎಚ್ಚರಿಕೆಯ ಮಾತು ಹೇಳುವುದಾದರೆ, ಸೊಂಗ್‌ಕ್ರಾನ್ ರಜೆಗೆಂದು ಯೂರೋಪಿಗೆ ಹೋಗುವ ಥಾಯ್ ಪ್ರವಾಸಿಗರು ಬಹಳ. ಅರ್ಜಿ ಕೇಂದ್ರದಲ್ಲಿ ಭೇಟಿಯ ಸಮಯವನ್ನು ಬಹಳ ಮುಂಚೆಯೇ ಕಾಯ್ದಿರಿಸಿಕೊಳ್ಳಬೇಕು.

ಪತ್ರವನ್ನು ಇಂಗ್ಲಿಷಿನಲ್ಲಿ ಬರೆದವನು ನಾನಾದರೂ ಸಹಿ ಪೀ ಅವರದು. ಆದ್ದರಿಂದ ಬರೆದ ಪ್ರತಿ ವಾಕ್ಯವನ್ನೂ ಥಾಯ್ ಭಾಷೆಯಲ್ಲಿ ಅವರಿಗೆ ಓದಿ ಹೇಳಿ, ಅವರು ಹೌದು ಎಂದ ಮೇಲೆಯೇ ಉಳಿಸಿಕೊಂಡೆ. ‘ನನಗೆ ಯೂರೋಪಿನ ಸಂಸ್ಕೃತಿಯಲ್ಲಿ ಅಪಾರ ಆಸಕ್ತಿ’ ಎಂಬಂಥ ಸಾಲುಗಳು ಮಾದರಿ ಪತ್ರಗಳಲ್ಲಿ ಯಥೇಚ್ಛವಾಗಿರುತ್ತವೆ. ಅಂಥದ್ದೊಂದೂ ಇರಕೂಡದೆಂದು ನಿರ್ಧರಿಸಿದ್ದೆ. ಒಂದು ಕಡೆ ನಾನು ‘ಹಲವು ವರ್ಷಗಳಿಂದ ತಂಗಿಯನ್ನು ನೋಡಿಲ್ಲ’ ಎಂದು ಬರೆಯಹೊರಟಾಗ ಪೀ ತಡೆದರು. ತಂದೆಯ ಅಂತ್ಯಕ್ರಿಯೆಗೆ ತಂಗಿ ಊರಿಗೆ ಬಂದಿದ್ದಳು, ಆಗ ನೋಡಿದ್ದೇನೆ, ಆದರೆ ಅವಳ ಮನೆಯನ್ನು ಒಮ್ಮೆಯೂ ನೋಡಿಲ್ಲ ಎಂದರು. ಅದನ್ನೇ ಹಾಗೆಯೇ ಬರೆದೆವು. ಒಂದೂವರೆ ಪುಟದ ಆ ಪತ್ರದಲ್ಲಿ ಅಂಗಡಿ, ಹೆಸರಿನ ಬದಲಾವಣೆ, ಎರಡು ವಿಳಾಸ, ಚಿನ್ನದ ಹಣ, ತಂಗಿ, ಮರಳುವ ದಿನ, ಇಷ್ಟೇ ಇದ್ದದ್ದು. ಪ್ರತಿಯೊಂದರ ಎದುರಿಗೂ ಯಾವ ಕಾಗದದಲ್ಲಿ ಆಧಾರ ಸಿಗುತ್ತದೆ ಎಂಬ ಸಂಖ್ಯೆ ಹಾಕಿದ್ದೆವು.

ಅರ್ಜಿ ಕೇಂದ್ರದಲ್ಲಿ ಕಾಗದ ತೆಗೆದುಕೊಳ್ಳುವವರು ವೀಸಾ ನಿರ್ಧರಿಸುವವರಲ್ಲ ಎಂಬುದನ್ನು ಮೊದಲ ಬಾರಿ ಹೋಗುವವರಿಗೆ ಒತ್ತಿ ಹೇಳಬೇಕು. ಅವರು ಪಟ್ಟಿಯಂತೆ ಪತ್ರಗಳನ್ನು ಪರಿಶೀಲಿಸಿ, ಹತ್ತು ಬೆರಳುಗಳ ಅಚ್ಚು ಮತ್ತು ಭಾವಚಿತ್ರ ತೆಗೆದುಕೊಂಡು ವೈರ್‌ಲೆಸ್ ರಸ್ತೆಯಲ್ಲಿರುವ ಸ್ವಿಸ್ ರಾಯಭಾರ ಕಚೇರಿಗೆ ಕಳಿಸುತ್ತಾರೆ. ತೀರ್ಮಾನ ಅಲ್ಲಿಂದ ಬರುತ್ತದೆ. ಪಟ್ಟಿಯಲ್ಲಿಲ್ಲದ ಹಾಳೆಗಳನ್ನು ಬೇಡವೆಂದು ತೆಗೆದಿಟ್ಟರೆ, ಚಿನ್ನದ ರಸೀದಿಯಂಥ ವಿವರಣೆಗಳನ್ನು ದಯವಿಟ್ಟು ಸೇರಿಸಿಕೊಳ್ಳಿ ಎಂದು ವಿನಯದಿಂದ ಕೇಳಿಕೊಳ್ಳಬೇಕೆಂದು ಪೀ ಅವರಿಗೆ ಮೊದಲೇ ತಿಳಿಸಿದ್ದೆ. ಅವರೊಬ್ಬರೇ ಒಳಗೆ ಹೋದರು. ಉತ್ತರಗಳನ್ನು ನಾನು ಬಾಯಿಪಾಠ ಮಾಡಿಸಿರಲಿಲ್ಲ. ತಮ್ಮ ಅಂಗಡಿಯ ಬಗ್ಗೆ, ತಮ್ಮ ತಂಗಿಯ ಬಗ್ಗೆ ಹೇಳಲು ಅವರಿಗೆ ಯಾರ ಪಾಠವೂ ಬೇಕಿರಲಿಲ್ಲ. ಬೆರಳಚ್ಚು ಮಾತ್ರ ಎರಡೆರಡು ಸಲ ತೆಗೆಯಬೇಕಾಯಿತಂತೆ. ವರ್ಷಗಟ್ಟಲೆ ಸೂಜಿ ಹಿಡಿದ ಬೆರಳುಗಳ ಗೆರೆ ಸವೆದಿರುತ್ತದೆ. ಒಮ್ಮೆ ಕೊಟ್ಟ ಬೆರಳಚ್ಚನ್ನು 59 ತಿಂಗಳವರೆಗೆ ಮುಂದಿನ ಅರ್ಜಿಗಳಿಗೂ ಬಳಸಿಕೊಳ್ಳುತ್ತಾರೆ.

ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನಗಳವರೆಗೆ ಹಿಡಿಯಬಹುದು. ಕಾಯುವ ಆ ದಿನಗಳಲ್ಲಿ ನಿರಾಕರಣೆಯ ಬಗ್ಗೆಯೂ ಅವರೊಂದಿಗೆ ಮುಕ್ತವಾಗಿ ಮಾತಾಡಿದೆ. ನಿರಾಕರಿಸಿದರೆ ಕಾರಣವನ್ನು ನಿಗದಿತ ನಮೂನೆಯಲ್ಲಿ ಗುರುತು ಮಾಡಿ ಕೊಡಲೇಬೇಕು, ಅದರ ವಿರುದ್ಧ ಮೇಲ್ಮನವಿಗೆ ಅವಕಾಶವಿದೆ, ಹೊಸ ಅರ್ಜಿಯನ್ನೂ ಹಾಕಬಹುದು. ‘ಹೊರಡುವ ಉದ್ದೇಶದ ಬಗ್ಗೆ ಸಂದೇಹವಿದೆ’ ಎಂಬ ಚೌಕದಲ್ಲಿ ಬಿದ್ದ ಗುರುತನ್ನು ತಮ್ಮ ನಡತೆಗೆ ಸಿಕ್ಕ ಪ್ರಮಾಣಪತ್ರವೆಂದು ತಿಳಿದು ಕುಗ್ಗಿಹೋದವರನ್ನು ನಾನು ಇಲ್ಲಿ ಕಂಡಿದ್ದೇನೆ. ಎದುರಿಗಿಟ್ಟ ಕಾಗದಗಳಿಂದ ಅಧಿಕಾರಿಗೆ ಮನವರಿಕೆಯಾಗಲಿಲ್ಲ ಎಂಬುದಷ್ಟೇ ಅದರ ಅರ್ಥ. ಆದರೂ ದುಡಿದ ಹಣ ಕಟ್ಟಿ, ಮನೆಯ ಲೆಕ್ಕವನ್ನೆಲ್ಲ ಬಿಚ್ಚಿಟ್ಟ ಮೇಲೆ ಬರುವ ಆ ಒಂದು ಗುರುತು ಮನುಷ್ಯರನ್ನು ಎಷ್ಟು ನೋಯಿಸುತ್ತದೆ ಎಂಬುದನ್ನು ಈ ವ್ಯವಸ್ಥೆಯನ್ನು ರೂಪಿಸಿದವರು ಅರಿಯಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಪೀ ಅವರ ಪಾಸ್‌ಪೋರ್ಟ್ ವೀಸಾ ಸಹಿತವಾಗಿ ಮರಳಿತು. ಆ ಚೀಟಿಯನ್ನು ಕೈಗೆ ಬಂದ ಕೂಡಲೇ ಓದಬೇಕು, ತಪ್ಪಿದ್ದರೆ ಆಗಲೇ ತಿದ್ದಿಸಿಕೊಳ್ಳಬೇಕು. ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ ಸರಿಯಿದೆಯೇ ನೋಡಿದ ಮೇಲೆ ನಾನು ಅವರಿಗೆ ತೋರಿಸಿದ್ದು ಎರಡು ಬೇರೆ ಬೇರೆ ಲೆಕ್ಕಗಳನ್ನು: ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ವೀಸಾ ಚಾಲ್ತಿಯಲ್ಲಿದೆ ಎಂಬುದು ಒಂದು, ಆ ಅವಧಿಯೊಳಗೆ ಒಟ್ಟು ಎಷ್ಟು ದಿನ ಇರಬಹುದು ಎಂಬುದು ಇನ್ನೊಂದು. ಪ್ರಯಾಣ ಹಿಂದುಮುಂದಾದರೆ ಅನುಕೂಲವಾಗಲೆಂದು ಚಾಲ್ತಿಯ ಅವಧಿಗೆ 15 ದಿನ ಹೆಚ್ಚಿಗೆ ಸೇರಿಸಿ ಕೊಡುತ್ತಾರೆ. ಅದನ್ನು ಇರಬಹುದಾದ ದಿನಗಳೆಂದು ತಿಳಿದು ಉಳಿದುಬಿಟ್ಟರೆ ನಿಯಮ ಮೀರಿದಂತಾಗುತ್ತದೆ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ, ಶೆಂಗೆನ್ ಗಡಿಗಳ ಪ್ರವೇಶ-ನಿರ್ಗಮನ ದಾಖಲಾತಿಯಲ್ಲಿ ಇಂಥ ಒಂದು ದಿನದ ವ್ಯತ್ಯಾಸವೂ ತಾನಾಗಿಯೇ ಗೋಚರಿಸುತ್ತದೆ. ವೀಸಾ ಇದ್ದರೂ ಗಡಿಯ ಅಧಿಕಾರಿ ಮತ್ತೆ ಪ್ರಶ್ನೆ ಕೇಳಬಹುದಾದ್ದರಿಂದ ಆಹ್ವಾನ ಪತ್ರ, ವಿಮೆ, ಮರಳುವ ಟಿಕೆಟ್, ತಂಗಿಯ ದೂರವಾಣಿ ಸಂಖ್ಯೆ, ಇಷ್ಟನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲು ಹೇಳಿದೆ. ಜ್ಯೂರಿಕ್‌ನಲ್ಲಿ ಇಳಿದಾಗ ಅಧಿಕಾರಿ ಯಾರ ಮನೆಗೆ ಹೋಗುತ್ತಿದ್ದೀರಿ ಎಂದು ಮಾತ್ರ ಕೇಳಿದರಂತೆ. ಪೀ ಆಹ್ವಾನ ಪತ್ರವನ್ನು ಮುಂದೆ ಹಿಡಿದು, ಕಲಿತಿದ್ದ ಕೆಲವೇ ಇಂಗ್ಲಿಷ್ ಪದಗಳಲ್ಲಿ, ತಂಗಿಯ ಮನೆಗೆ ಎಂದು ಹೇಳಿದರಂತೆ.